ಜಿಲ್‌ಹಜ್ ತಿಂಗಳ ಕೊನೆಯ ಸಂಜೆ

ತಾರೀಖುಗಳನ್ನು ನಂಬದಿರುವುದಕ್ಕಾಗಿಯೇ ಸರ್ಕಾರ ನನಗೆ ಮೂರು ದಶಕಗಳಿಗೂ ಮಿಕ್ಕಿ ಸಂಬಳ ಕೊಟ್ಟಿತು ಎಂದರೆ ಓದುಗರು ಅದನ್ನು ಉತ್ಪ್ರೇಕ್ಷೆ ಎಂದು ಭಾವಿಸಬಾರದು. ನಾನು ಹಳೆಯ ದಫ್ತರಗಳ ಸಂಶೋಧಕನಾಗಿದ್ದೆ. ನಿಜಾಮರ ಆಳ್ವಿಕೆ ಕಂಡ ನಮ್ಮ ಸೀಮೆಯಲ್ಲಿ ಒಂದು ಸಾಧಾರಣ ಬಾವಿ ತಕರಾರಿನ ಕಾಗದವನ್ನು ಕೈಗೆತ್ತಿಕೊಂಡರೂ ಅದರ ನೆತ್ತಿಯ ಮೇಲೆ ಹಿಜರಿ ಸನ್ನು, ಮಗ್ಗುಲಿನಲ್ಲಿ ಕಂದಾಯದ ಲೆಕ್ಕದ ಫಸಲಿ ಸನ್ನು, ಕೆಳಗೆ ಕುಲಕರ್ಣಿಯೊಬ್ಬ ತನ್ನ ಸಮಾಧಾನಕ್ಕೆ ಬರೆದುಕೊಂಡ ಶಕೆ ಮತ್ತು ತಿಥಿ ಕಾಣಸಿಗುತ್ತವೆ. ಈ ಮೂವರು ಸಾಕ್ಷಿಗಳು ಒಂದೇ ದಿನವನ್ನು ಹೇಳುವುದು ಅಪರೂಪ. ಅವರನ್ನು ಎದುರುಬದುರು ನಿಲ್ಲಿಸಿ, ಪಾಟೀಸವಾಲು ಹಾಕಿ, ಸತ್ಯ ಹೊರಡಿಸುವುದೇ ನನ್ನ ಉದ್ಯೋಗ. ಈ ಅಭ್ಯಾಸ ನಿವೃತ್ತಿಯ ದಿನ ಕಚೇರಿಯಲ್ಲಿಯೇ ಉಳಿಯಲಿಲ್ಲ. ಹಾರ, ಶಾಲುಗಳ ಜೊತೆಗೆ ಮನೆಗೆ ಬಂದಿತು. ಹಾಲಿನ ಪಾಕೀಟಿನ ಮೇಲಿನ ದಿನಾಂಕವನ್ನೂ ನಾನು ಎರಡನೆಯ ಆಧಾರವಿಲ್ಲದೆ ಒಪ್ಪುವುದಿಲ್ಲ. ನನ್ನ ಜನ್ಮದಿನವನ್ನಂತೂ ಇಂದಿಗೂ ಒಪ್ಪಿಲ್ಲ. ನಾನು ಓದಿದ ಹಳ್ಳಿಶಾಲೆಯ ದಾಖಲೆಯಂತೆ ನಮ್ಮ ತರಗತಿಯ ಮಕ್ಕಳೆಲ್ಲರೂ ಜೂನ್ ಒಂದನೆಯ ತಾರೀಖಿಗೆ ಹುಟ್ಟಿದವರು. ಅಂದು ಆ ಊರಿನ ಸೂಲಗಿತ್ತಿಯ ಪಾಡೇನಾಗಿರಬೇಕೆಂದು ಯೋಚಿಸುವಷ್ಟು ವ್ಯವಧಾನ ಗುರುಗಳಿಗೆ ಇದ್ದಂತಿಲ್ಲ.

ನನ್ನ ಹೆಂಡತಿ ಶಾಂತಾಬಾಯಿಗೆ ಈ ಪಾಂಡಿತ್ಯದ ಬಗೆಗೆ ಗೌರವ ಅಷ್ಟಕ್ಕಷ್ಟೆ. “ಸತ್ತ ಮಂದೀ ತಾರೀಖೆಲ್ಲ ತಿದ್ದತೀರಿ. ಗ್ಯಾಸಿನ ಸಿಲಿಂಡರ್ ಬುಕ್ ಮಾಡಿದ್ದು ಯಾವತ್ತು, ಅದೊಂದು ಹೇಳ್ರಿ ನೋಡೋಣು” ಎಂದು ಆಕೆ ಕೇಳಿದಾಗ ನಾನು ದಾಖಲೆಗಳ ಅಭಾವವನ್ನು ಮುಂದೊಡ್ಡಿ ಪಾರಾಗುತ್ತೇನೆ. ಆದರೆ ಆಳಂದದ ನಮ್ಮ ಓಣಿಯಲ್ಲಿ ನನಗೆ ಬೇರೆಯೇ ಸ್ಥಾನವಿದೆ. ಗೋಡೆಗೆ ಗೋಡೆ ಹೊಂದಿಕೊಂಡ ಮನೆ ಮಹಬೂಬ್‌ಸಾಬರದು. ಬಜಾರಿನಲ್ಲಿ ತೊಗರಿಯ ಅಡತಿ ಅಂಗಡಿ ಇಟ್ಟುಕೊಂಡ ಸಜ್ಜನ. ಒಮ್ಮೆ ಅವರ ಅಜ್ಜನ ಕಾಲದ ಉರ್ದು ಕಾಗದವೊಂದರ ಹಿಜರಿ ತಾರೀಖನ್ನು ನಾನು ನಿಂತ ಕಾಲಿನಲ್ಲಿಯೇ ಇಂಗ್ಲಿಷ್ ತಾರೀಖಿಗೆ ತಿರುಗಿಸಿ, ವಾರವನ್ನೂ ಸೇರಿಸಿ ಹೇಳಿದೆ. ಅಂದಿನಿಂದ ಓಣಿಯ ಮುಸ್ಲಿಂ ಮನೆಗಳಲ್ಲಿ ಹಬ್ಬ, ಹರಕೆ, ಉರುಸು, ತೀರಿಕೊಂಡವರ ವರ್ಷದ ಫಾತಿಹಾ, ಏನೇ ಇದ್ದರೂ ತಾರೀಖಿನ ಸಲಹೆಗೆ ನನ್ನ ಮನೆಯ ಕದ ತಟ್ಟುವ ರೂಢಿ ಬಂದಿತು. ನಾನಾದರೋ ವಿಭೂತಿ ಧರಿಸುವ ಮನೆತನದವನು. “ಮುಸಲ್ಮಾನ್ರ ತಿಂಗಳ ಲೆಕ್ಕ ಕೇಳಾಕ ಅಯ್ಯನವ್ರ ಮನಿಗಿ ಹೊಂಟೀರಿ ಅಂತ ಬಜಾರದಾಗ ನಗ್ತಾರ್ರಿ ಸರ” ಎಂದು ಮಹಬೂಬ್‌ಸಾಬರೇ ಹೇಳಿದ್ದುಂಟು. ನಕ್ಕರೂ ಬರುವುದನ್ನು ಯಾರೂ ಬಿಡಲಿಲ್ಲ. ನಾನೂ ಬರುವುದು ಬೇಡವೆನ್ನಲಿಲ್ಲ. ನಿವೃತ್ತನಿಗೆ ಯಾರಾದರೂ ಏನನ್ನಾದರೂ ಕೇಳುತ್ತಾರೆ ಎಂಬುದೇ ಒಂದು ಟಾನಿಕ್ಕು.

ಈ ಪಂಚಾಂಗದ ಸ್ವಭಾವವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಹಿಜರಿ ವರ್ಷ ಶುದ್ಧ ಚಾಂದ್ರಮಾನದ್ದು. ಸೂರ್ಯನ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ನಮ್ಮ ಪಂಚಾಂಗವೂ ಚಂದ್ರನನ್ನೇ ನೆಚ್ಚಿಕೊಂಡಿದೆಯಾದರೂ, ಸಾಲ ತೀರಿಸುವ ಗೃಹಸ್ಥನಂತೆ ಆಗಾಗ ಒಂದು ಅಧಿಕಮಾಸವನ್ನು ಕೊಟ್ಟು ಸೂರ್ಯನೊಡನೆ ರಾಜಿ ಮಾಡಿಕೊಳ್ಳುತ್ತದೆ. ಹಿಜರಿ ಪಂಚಾಂಗ ಅಂಥ ರಾಜಿಗೆ ಒಪ್ಪದು. ಆದುದರಿಂದ ಅದರ ಹಬ್ಬಗಳು ಋತುಗಳಲ್ಲೆಲ್ಲ ಸಂಚಾರ ಮಾಡುತ್ತ ಸುಮಾರು ಮೂವತ್ತಮೂರು ವರ್ಷಕ್ಕೊಮ್ಮೆ ಹೊರಟ ಜಾಗಕ್ಕೆ ಬರುತ್ತವೆ. ರಂಜಾನಿನ ಉಪವಾಸವನ್ನು ಚಳಿಗಾಲದ ಪುಟ್ಟ ಹಗಲಿನಲ್ಲಿ ಮಾಡಿದವರನ್ನೂ, ಅದೇ ಜನ ನಮ್ಮ ಆಳಂದ, ಅಫಜಲಪುರಗಳ ಕಡುಬೇಸಿಗೆಯಲ್ಲಿ ನಾಲಗೆ ಒಣಗಿಸಿಕೊಂಡು ಮಾಡಿದ್ದನ್ನೂ ನಾನು ಈ ಕಣ್ಣಿನಿಂದಲೇ ನೋಡಿದ್ದೇನೆ. ಇನ್ನು ತಿಂಗಳಿಗೆ ಇಪ್ಪತ್ತೊಂಬತ್ತು ದಿನವೋ ಮೂವತ್ತೋ ಎಂಬುದನ್ನು ಕೋಷ್ಟಕ ಹೇಳಿದರೂ ತೀರ್ಪು ಕೊಡುವುದು ಆಕಾಶ. ಇಪ್ಪತ್ತೊಂಬತ್ತನೆಯ ದಿನ ಸೂರ್ಯ ಮುಳುಗಿದಾಗ ಪಡುವಣದಲ್ಲಿ ಎಳೆಯ ಚಂದ್ರ ಕಂಡರೆ ತಿಂಗಳು ಮುಗಿಯಿತು. ಕಾಣದಿದ್ದರೆ ಇನ್ನೊಂದು ದಿನ ಸಿಕ್ಕಿತು. ಗೋಡೆ ಕ್ಯಾಲೆಂಡರಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಚಂದ್ರದರ್ಶನಕ್ಕೆ ಒಳಪಟ್ಟು’ ಎಂದು ಅಚ್ಚಾಗಿರುತ್ತದಲ್ಲ, ಅಂಥ ಪ್ರಾಮಾಣಿಕ ಅಡಿಟಿಪ್ಪಣಿಯನ್ನು ನಾನು ವಿದ್ವತ್ ಗ್ರಂಥಗಳಲ್ಲಿಯೂ ಹೆಚ್ಚಾಗಿ ಕಂಡಿಲ್ಲ.

ಇಷ್ಟೆಲ್ಲ ಬಲ್ಲವನಾದ ನಾನು ಮಹಬೂಬ್‌ಸಾಬರ ಮಗಳ ಮದುವೆಯಲ್ಲಿ ಏನು ಮಾಡಿದೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಮಗಳು ಶಾಹೀನ್. ಜೇವರ್ಗಿಯಲ್ಲಿ ಶಾಲಾ ಶಿಕ್ಷಕಿ. ನಮ್ಮ ಅಂಗಳದಲ್ಲಿಯೇ ಕುಂಟೆಬಿಲ್ಲೆ ಆಡಿ ಬೆಳೆದವಳು. ನನ್ನನ್ನು ಕಾಕಾ ಎನ್ನುತ್ತಾಳೆ. ವರ ಇರ್ಫಾನ್, ಅಫಜಲಪುರದವನು. ಅವನೂ ಜೇವರ್ಗಿಯಲ್ಲಿಯೇ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾನೆ. ನಿಶ್ಚಯವಾಗಿ ವರ್ಷವಾಗಿತ್ತು. ಅಷ್ಟರಲ್ಲಿ ಭೀಮೆಯ ದಂಡೆಯಲ್ಲಿ ಕಬ್ಬು ಬೆಳೆಯುವ ಇರ್ಫಾನನ ತಂದೆ ಇಸ್ಮಾಯಿಲ್‌ಸಾಬರಿಗೂ ಅವರ ಪತ್ನಿಗೂ ಹಜ್ ಯಾತ್ರೆಯ ಪಟ್ಟಿಯಲ್ಲಿ ಹೆಸರು ಬಂದು, ಮದುವೆ ಒಮ್ಮೆ ಮುಂದಕ್ಕೆ ಹೋಗಿತ್ತು. ಹಜ್ ನಡೆಯುವುದು ಬಕ್ರೀದಿನ ತಿಂಗಳಾದ ಜಿಲ್‌ಹಜ್‌ನಲ್ಲಿ. ಯಾತ್ರಿಕರು ಮರಳುವುದು ಆ ತಿಂಗಳ ಕೊನೆಗೆ. ಅದರ ಬೆನ್ನಿಗೇ ಮೊಹರಂ. ಮೊಹರಂ ತಿಂಗಳಲ್ಲಿ ಈ ಭಾಗದ ಮನೆಗಳಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಅದರ ಮುಂದಿನ ಸಫರ್ ತಿಂಗಳ ಮೊದಲ ಹದಿಮೂರು ದಿನಗಳಿಗೂ ಹಿರಿಯರು ಒಪ್ಪುವುದಿಲ್ಲ. ಅಲ್ಲಿಗೆ ಮತ್ತೆ ಒಂದೂವರೆ ತಿಂಗಳು. ಎರಡನೆಯ ಸಲ ಮುಂದೂಡಿದ ಮದುವೆಯ ಬಗೆಗೆ ಜನ ಕಾರಣ ಕೇಳುವುದಿಲ್ಲ, ತಾವೇ ಒಂದು ಕಾರಣ ಹುಟ್ಟಿಸುತ್ತಾರೆ.

“ಖಾಜಿ ಸಾಹೇಬ್ರು ಕಿತಾಬಿನಾಗ ಮನಾಯಿ ಏನಿಲ್ಲ ಅಂತಾರ್ರಿ ಸರ. ಆದ್ರ ನಮ್ಮ ಅಮ್ಮಾನ ಕಿತಾಬಿನಾಗ ಅದ” ಎಂದರು ಮಹಬೂಬ್‌ಸಾಬರು.

ಅಮ್ಮಾ ಎಂದರೆ ಅವರ ತಾಯಿ, ಎಂಬತ್ತು ದಾಟಿದ ಹುಸೇನಬಿ. ಸರಸಂಬಾದ ಹೆಣ್ಣುಮಗಳು. ಅಲ್ಲಿ ಅವರ ತಂದೆ ಮೊಹರಮ್ಮಿಗೆ ಪೀರಲುಗಳ ಪಂಜಾ, ಅಲಾಯಿ ದೇವರನ್ನು ಕೂಡಿಸುವವರು. ಮೊಹರಮ್ಮಿನ ಚಂದ್ರ ಕಂಡ ಸಂಜೆಯೇ ಅಲಾಯಿ ಕುಣಿಗೆ, ಅಂದರೆ ಪೀರಲುಗಳ ಮುಂದೆ ಬೆಂಕಿ ಹಾಕುವ ಗುಂಡಿಗೆ, ಊರಿನ ಹಿಂದೂ ಮುಸಲ್ಮಾನರೆಲ್ಲರ ಎದುರಿನಲ್ಲಿ ಮೊದಲ ಗುದ್ದಲಿ ಬೀಳುತ್ತದೆ. ಗುದ್ದಲಿ ಬಿದ್ದ ಮೇಲೆ ಆ ಮನೆಯಲ್ಲಿ ಹೊಸ ಬಳೆಯಿಲ್ಲ, ಮೆಹಂದಿಯಿಲ್ಲ, ಮದುವೆಯ ಊಟವಿಲ್ಲ. ತಂದೆ ತೀರಿ ಯಾವ ಕಾಲವಾದರೂ ಹುಸೇನಬಿ ಆ ನೇಮವನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. “ಚಂದ್ರ ಕಂಡ ಮ್ಯಾಲ ನಿಕಾಹ್ ಇಟ್ಕೊಂಡ್ರ ಇಟ್ಕೋರಿ. ನಾ ಅಡ್ಡ ಬರಂಗಿಲ್ಲ. ನಾ ಶಾಮಿಯಾನಾಕೂ ಬರಂಗಿಲ್ಲ” ಎಂದು ಮೊದಲೇ ಹೇಳಿಬಿಟ್ಟರು. ತಾಯಿಯಿಲ್ಲದ ಶಾಹೀನಳನ್ನು ಸಾಕಿದವರು ಇವರೇ. “ದಾದಿ ಎದುರಿಗಿ ಕೂಡದ ನಿಕಾಹ್ ನನಗ ಬ್ಯಾಡ ಕಾಕಾ. ನೀವು ಚೊಲೋತ್ನಾಗಿ ನೋಡಿ ತಾರೀಖು ಹೇಳ್ರಿ” ಎಂದಳು, ಅಜ್ಜಿಯನ್ನು ದಾದಿ ಎಂದು ಕರೆಯುವ ಆ ಹುಡುಗಿ.

ಚೊಲೋತ್ನಾಗಿಯೇ ನೋಡಿದೆ. ಜಿಲ್‌ಹಜ್ ತಿಂಗಳ ಚಂದ್ರ ಕಾಣುವವರೆಗೆ ಆಮಂತ್ರಣದ ಒಂದಕ್ಷರವನ್ನೂ ಅಚ್ಚು ಹಾಕಿಸಕೂಡದೆಂದು ತಾಕೀತು ಮಾಡಿದೆ. ಚಂದ್ರ ಕಂಡಿತು, ಬಕ್ರೀದ್ ಮಂಗಳವಾರಕ್ಕೆ ಬಂತು. ಮಂಗಳವಾರ ಹತ್ತನೆಯ ತಾರೀಖಾದರೆ ಇಪ್ಪತ್ತೊಂಬತ್ತು ಭಾನುವಾರ. ಯಾತ್ರಿಕರ ವಿಮಾನ ಹೈದರಾಬಾದಿಗೆ ಇಳಿಯುವುದು ಶುಕ್ರವಾರ. ಆದುದರಿಂದ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಕಾಹ್, ಸೋಮವಾರ ಅಫಜಲಪುರದಲ್ಲಿ ಗಂಡಿನ ಕಡೆಯವರ ವಲೀಮಾ ಊಟ. “ಮೂವತ್ತನೆಯ ದಿನ ಇರಲಿ ಬಿಡಲಿ, ಇಪ್ಪತ್ತೊಂಬತ್ತನ್ನು ಯಾವ ತಿಂಗಳೂ ತಪ್ಪಿಸಲಾರದು” ಎಂದು ಒಂದು ಹಾಳೆಯ ಮೇಲೆ ಬರೆದು, ಕೆಳಗೆ ಕೋಷ್ಟಕದ ಆಧಾರ ನಮೂದಿಸಿ, ಸಹಿ ಮಾಡಿಯೇ ಕೊಟ್ಟೆ. ಮಹಬೂಬ್‌ಸಾಬರು ಅದನ್ನು ಜೋಪಾನವಾಗಿ ಮಡಚಿ ಅಂಗಡಿಯ ಪೆಟ್ಟಿಗೆಯಲ್ಲಿಟ್ಟರು. ಶಾಂತಾಬಾಯಿ ಮಾತ್ರ, “ಮದುವಿಗಿ ಇಷ್ಟ್ಯಾಕ ಸಹಿ? ರಜಿಸ್ಟ್ರಿ ಮಾಡಾಕತ್ತೀರೇನು?” ಎಂದಳು.

ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಎರಡನೆಯ ರೊಟ್ಟಿಗೆ ಪುಂಡಿಪಲ್ಲೆ ಹಚ್ಚಿಕೊಳ್ಳುವ ಹೊತ್ತಿಗೆ ಮಹಬೂಬ್‌ಸಾಬರು ಬಾಗಿಲಲ್ಲಿ ನಿಂತರು. ಯಾತ್ರಿಕರ ವಿಮಾನ ತಡವಾಗಿದೆ. ಅವರು ಹೈದರಾಬಾದಿಗೆ ಇಳಿಯುವುದೇ ಭಾನುವಾರ ಬೆಳಗಿನ ಜಾವ. ಅಲ್ಲಿಂದ ರಸ್ತೆಯ ಮೇಲೆ ಬರಬೇಕು.

“ಹಂಗಾಗಿ ನಿಕಾಹ್ ಸಂಜೀಕ ಮಾಡೋಣು ಅಂತೇವ್ರಿ ಸರ. ಮಗ್ರಿಬ್ ನಮಾಜ್ ಆದ ಮ್ಯಾಲ. ಬಿಸಿಲೂ ಇಳದಿರ್ತದ. ದಿನಾ ಅಂತೂ ಬದಲ ಆಗಂಗಿಲ್ಲಲ್ರಿ?”

“ದಿನ ಬದಲಾಗಲು ಹೇಗೆ ಸಾಧ್ಯ? ಐತವಾರ ಅಂದರೆ ಐತವಾರ, ಇಪ್ಪತ್ತೊಂಬತ್ತು ಅಂದರೆ ಇಪ್ಪತ್ತೊಂಬತ್ತು” ಎಂದೆ. ಪುಂಡಿಪಲ್ಲೆ ರುಚಿಯಾಗಿತ್ತು. ಅವರು ಸಮಾಧಾನದಿಂದ ಹೋದರು. ಹೊಸ ಹೊತ್ತನ್ನು ಮೊಬೈಲಿನಲ್ಲಿ ಎರಡೂ ಕಡೆಯ ಬಂಧುಗಳಿಗೆಲ್ಲ ತಿಳಿಸಿದ್ದಾಯಿತು.

ಶನಿವಾರ ಇಳಿಹೊತ್ತಿಗೆ ಶಾಹೀನಳಿಗೆ ಅರಿಶಿನ. ನಾವಿಬ್ಬರೂ ಹೋಗಿದ್ದೆವು. ಹೆಂಗಸರ ಗುಂಪಿನ ನಡುವೆ ಹಳದಿ ಮೆತ್ತಿದ ಕೆನ್ನೆಯ ಹುಡುಗಿ, ಪಕ್ಕದಲ್ಲಿ ಮಂಚದ ಮೇಲೆ ಹುಸೇನಬಿ. ನನ್ನನ್ನು ನೋಡಿದವರೇ ಕೈಸನ್ನೆ ಮಾಡಿ ಕರೆದರು. ನಾನು ಎಂದೂ ಪಾಠ ಹೇಳಿದವನಲ್ಲವಾದರೂ ಅವರ ಬಾಯಲ್ಲಿ ನಾನು ಮಾಸ್ತರ. ಪುಸ್ತಕ ಓದುವವರೆಲ್ಲ ಮಾಸ್ತರರೆಂಬುದು ಅವರ ವರ್ಗೀಕರಣ.

“ಮಾಸ್ತರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಾ ಓದಿದಾಕಿ ಅಲ್ಲ. ನಾಳಿ ಮಗ್ರಿಬ್ ಆದ ಮ್ಯಾಲ ಯಾವ ತಾರೀಖು?”

“ಇಪ್ಪತ್ತೊಂಬತ್ತು, ಅಮ್ಮಾ.”

“ಮಗ್ರಿಬ್ ಆದ ಮ್ಯಾಲ?”

ಆಗ ಹೊಳೆಯಿತು. ಹೊಳೆಯಿತು ಎಂಬುದು ಮೃದುವಾದ ಮಾತು. ಯಾರೋ ಬೆನ್ನ ಮೇಲೆ ತಣ್ಣೀರು ಸುರಿದಂತಾಯಿತು. ಹಿಜರಿ ದಿನ ಆರಂಭವಾಗುವುದು ಮಧ್ಯರಾತ್ರಿಗಲ್ಲ, ಸೂರ್ಯೋದಯಕ್ಕೂ ಅಲ್ಲ; ಸೂರ್ಯಾಸ್ತಕ್ಕೆ. ಭಾನುವಾರದ ಹಗಲು ಇಪ್ಪತ್ತೊಂಬತ್ತು; ಭಾನುವಾರದ ಸಂಜೆ ಇಪ್ಪತ್ತೊಂಬತ್ತಲ್ಲ. ಚಂದ್ರ ಕಾಣದಿದ್ದರೆ ಅದು ಮೂವತ್ತರ ಆರಂಭ. ಕಂಡರೆ ಅದೇ ಮೊಹರಮ್ಮಿನ ಮೊದಲ ಸಂಜೆ, ಹೊಸ ವರ್ಷ! ಅತ್ತ ಸರಸಂಬಾದಲ್ಲಿ ಗುದ್ದಲಿ ಬೀಳುವ ಗಳಿಗೆಗೆ ಸರಿಯಾಗಿ ಇತ್ತ ಆಳಂದದಲ್ಲಿ ನಿಕಾಹ್‌ನ ಖುತ್ಬಾ ಪ್ರವಚನ ಆರಂಭವಾಗುವಂತೆ ನಾನು ರೊಟ್ಟಿ ಮುರಿಯುತ್ತ ಒಪ್ಪಿಗೆ ಕೊಟ್ಟಿದ್ದೆ.

ಇದನ್ನು ಅರಿಯದವನು ತಪ್ಪಿದ್ದರೆ ಕ್ಷಮೆಯಿತ್ತು. ನಾನು ಅರಿತವನು; ಅಷ್ಟೇ ಅಲ್ಲ, ಅರಿಯದವರನ್ನು ಅಚ್ಚಿನಲ್ಲಿ ಜರೆದವನು. ಹಿಂದೊಮ್ಮೆ ಸಹೋದ್ಯೋಗಿಯೊಬ್ಬರು ಒಂದು ರಾತ್ರಿಯ ಘಟನೆಯನ್ನು ಹಿಂದಿನ ದಿನಕ್ಕೆ ಸೇರಿಸಿದ್ದರೆಂದು ಹನ್ನೊಂದು ಪುಟದ ಖಂಡನೆ ಬರೆದಿದ್ದೆ. ಅದರಲ್ಲಿ ‘ಪ್ರಾಥಮಿಕ ಜ್ಞಾನದ ಅಭಾವ’ ಎಂಬ ಪದಪುಂಜವನ್ನು ಎರಡು ಕಡೆ ಬಳಸಿದ್ದೆ. ಆ ಸಜ್ಜನರು ಅನಂತರ ನನ್ನೊಡನೆ ಚಹಾ ಕುಡಿಯುವುದನ್ನೂ ಬಿಟ್ಟರು. ಆ ದಿನ ಅವರು ಅರಿಶಿನದ ಚಪ್ಪರದಲ್ಲಿ ಇರಬೇಕಿತ್ತು. ಹನ್ನೊಂದು ಪುಟಕ್ಕೂ ಬಡ್ಡಿ ಸಹಿತ ಬೆಲೆ ಸಿಗುತ್ತಿತ್ತು. ತಪ್ಪು ಹೇಗಾಯಿತೆಂದು ಆಮೇಲೆ ಯೋಚಿಸಿದ್ದೇನೆ. ಮುನ್ನೂರು ವರ್ಷದ ಹಿಂದಿನ ಸಂಜೆಯಾಗಿದ್ದರೆ ನಾನು ತಪ್ಪುತ್ತಿರಲಿಲ್ಲ. ನಾಳಿನ ಸಂಜೆ ದಾಖಲೆಯಲ್ಲಿ ಇರಲಿಲ್ಲ, ಅಷ್ಟೆ.

“ಅಮ್ಮಾ, ತಪ್ಪಾಯ್ತು” ಎಂದೆ.

“ತಪ್ಪಾಗ್ತದ ಮಾಸ್ತರ, ಅದಕ್ಕೇನು. ನೀವು ಭಾಳ ದೊಡ್ಡ ದೊಡ್ಡ ತಾರೀಖು ನೋಡೋರು, ಇದು ಸಣ್ಣದು” ಎಂದರು ಹುಸೇನಬಿ. ಅವರು ಸಮಾಧಾನ ಹೇಳಿದರೋ ಚುಚ್ಚಿದರೋ ಇಂದಿಗೂ ತಿಳಿದಿಲ್ಲ.

ಶಾಹೀನಳ ಮುಖ ಅರಿಶಿನದಡಿಯಲ್ಲಿಯೂ ಬಿಳುಚಿಕೊಂಡಿತ್ತು. ಮಹಬೂಬ್‌ಸಾಬರು ಸ್ಟೂಲಿನ ಮೇಲೆ ಕುಸಿದರು. ನಾನು ಮೊದಲು ಮಾಡಿದ್ದು ಪಂಡಿತರು ಮಾಡುವುದನ್ನೇ: ಮನೆಗೆ ಓಡಿ ಪುಸ್ತಕ ತೆಗೆದೆ. ಚಂದ್ರನ ವಯಸ್ಸು, ಸೂರ್ಯನಿಂದ ಅದರ ಅಂತರ, ಅಸ್ತಮಾನದ ವ್ಯತ್ಯಾಸ, ಎಲ್ಲವನ್ನೂ ಗುಣಿಸಿದೆ. ಕಾಣಬಹುದು, ಕಾಣದೆಯೂ ಇರಬಹುದು ಎಂಬ ಸ್ಪಷ್ಟ ನಿರ್ಣಯ ಬಂದಿತು. ಅದನ್ನೇ ಒಯ್ದು ಹೇಳಿದಾಗ ಶಾಂತಾಬಾಯಿ, “ಇಷ್ಟು ಹೇಳಾಕ ಪುಸ್ತಕ ಯಾಕ ಬೇಕ್ರಿ? ಸುಮ್ನ ನಿಕಾಹ್ ಮಗ್ರಿಬ್‌ಕಿಂತ ಮದಲ ಮಾಡಿಬಿಡ್ರಲ್ಲ” ಎಂದಳು. ಇಡೀ ಚಪ್ಪರ ಆಕೆಯತ್ತ ತಿರುಗಿತು. ಅಷ್ಟು ಸರಳವಾದ ದಾರಿ ನನಗೆ ಹೊಳೆಯದೇ ಹೋದದ್ದಕ್ಕೆ ನನ್ನ ಉನ್ನತ ಶಿಕ್ಷಣವೇ ಹೊಣೆ.

ಇಳಿಹೊತ್ತಿನ ಅಸರ್ ನಮಾಜಿಗೂ ಸೂರ್ಯಾಸ್ತದ ಮಗ್ರಿಬಿಗೂ ನಡುವೆ ಆ ದಿನಗಳಲ್ಲಿ ಒಂದೂವರೆ ಗಂಟೆಯ ಮೇಲೆ ಸಮಯವಿರುತ್ತದೆ. ಆ ಸಂದಿಯಲ್ಲಿ ನಿಕಾಹ್ ಎಂದು ನಿರ್ಧಾರವಾಯಿತು. ಖಾಜಿ ಸಾಹೇಬರಿಗೆ ಆ ಭಾನುವಾರ ಆರು ನಿಕಾಹ್. ಮೊಹರಮ್ಮಿನ ಮೊದಲಿನ ಕೊನೆಯ ದಿನವೆಂದು ಊರೇ ಅಂದೇ ಮುಗಿಬಿದ್ದಿತ್ತು. ಆದರೂ ಐದೂವರೆಗೆ ಬಂದು ಕೂರುವುದಾಗಿ ಒಪ್ಪಿದರು. ಹಾಜಿ ದಂಪತಿಗಳು ಅಫಜಲಪುರಕ್ಕೆ ಹೋಗದೆ ಹೈದರಾಬಾದಿನಿಂದ ಕಲಬುರಗಿಯ ಮೇಲೆ ಹಾಯ್ದು ನೇರ ಆಳಂದಕ್ಕೆ ಬರುವುದು. ದಿಬ್ಬಣದ ಬಸ್ಸು ಅಫಜಲಪುರದಿಂದ ಮಾದನಹಿಪ್ಪರಗಾ ಮಾರ್ಗವಾಗಿ ಐದು ಗಂಟೆಗೆ ತಲುಪುವುದು. ಎಲ್ಲರಿಗೂ ತಿಳಿಸುವ ಹೊಣೆ ನನ್ನದು ಎಂದೆ. ಹಾಜಿಗಳಿಗೆ ತಿಳಿಸಿದೆ. ವರನಿಗೆ ಖುದ್ದು ತಿಳಿಸಿದೆ. ಅಷ್ಟು ತಿಳಿಸಿದರೆ ಎಲ್ಲರಿಗೂ ತಿಳಿಸಿದಂತೆ ಎಂದು ಭಾವಿಸಿದ್ದು ನನ್ನ ಎರಡನೆಯ ತಪ್ಪು.

ಭಾನುವಾರ ಆಕಾಶ ಹತ್ತಿಯ ಎಳೆಯಷ್ಟು ಮೋಡವೂ ಇಲ್ಲದೆ ತಿಳಿಯಾಗಿತ್ತು. ಚಂದ್ರನನ್ನು ನೋಡಲೆಂದೇ ಒರೆಸಿಟ್ಟ ಗಾಜಿನಂತೆ! ಹಾಜಿ ಇಸ್ಮಾಯಿಲ್‌ಸಾಬರು ನಾಲ್ಕಕ್ಕೇ ಬಂದು ಇಳಿದರು. ತಲೆ ಬೋಳಾಗಿತ್ತು, ಕಣ್ಣಲ್ಲಿ ನಿದ್ದೆ, ಕೈಯಲ್ಲಿ ಯಾತ್ರೆಯಿಂದ ತಂದ ಪವಿತ್ರ ಝಂಝಂ ನೀರಿನ ಡಬ್ಬಿ. ಖಾಜಿ ಸಾಹೇಬರು ಐದೂವರೆಗೆ ಬಂದು ದಿಂಬಿಗೆ ಒರಗಿದರು. ಹುಸೇನಬಿ ಹಸಿರು ರೇಷ್ಮೆಯುಟ್ಟು ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದರು. ವರ ಇರಲಿಲ್ಲ.

ಐದೂಮುಕ್ಕಾಲಿಗೆ ಇರ್ಫಾನನಿಗೆ ಫೋನು ಹಚ್ಚಿದೆ. ಎತ್ತಿದವರು ಅವನ ಸೋದರಮಾವ.

“ಎಲ್ಲಿದ್ದೀರಿ ಸಾಹೇಬರೇ?”

“ಮಾದನಹಿಪ್ಪರಗಾದಾಗ ಇದ್ದೇವ್ರಿ. ಅಸರ್ ನಮಾಜಿಗಿ ಇಳಿದ್ವಿ. ಇಲ್ಲಿ ನಮ್ಮ ಅಕ್ಕನ ಮನಿ ಅದ, ಚಹಾ ಇಡಾಕತ್ತಾಳ. ಗಡಿಬಿಡಿ ಇಲ್ಲ ತಗೋರಿ, ನಿಕಾಹ್ ಮಗ್ರಿಬ್ ಆದ ಮ್ಯಾಲ ಅದಲ್ಲ.”

“ಅಲ್ಲ, ಅಲ್ಲ! ಹೊತ್ತು ಬದಲಾಗಿದೆ! ಹಿಜರಿ ಗಣನೆಯಲ್ಲಿ ದಿನದ ಆರಂಭ ಸೂರ್ಯಾಸ್ತದಿಂದ ಆಗುವುದರಿಂದ—”

“ಏನ್ರಿ? ಆವಾಜ್ ಕೇಳವಲ್ದು. ಇಲ್ಲಿ ಮಿರ್ಚಿ ಕರಿಯಾಕತ್ತಾರ.”

ಹುಡುಗ ಒಬ್ಬರಿಗೂ ಹೇಳಿರಲಿಲ್ಲ; ಹಿರಿಯರು ಹೇಳಿರುತ್ತಾರೆಂದು ತಿಳಿದಿದ್ದನಂತೆ. ದಾರಿಯಲ್ಲಿ ಅವಸರಿಸಿದರೆ ಮದುಮಗನಿಗೆ ಬಲು ಆತುರವೆಂದು ನಗುತ್ತಾರೆಂದು ಬಾಯಿ ಬಿಡಲಿಲ್ಲವಂತೆ. ನಾನು ಮೂರನೆಯ ಬಾರಿ ಸೂರ್ಯಾಸ್ತದ ಸಿದ್ಧಾಂತವನ್ನು ವಿವರಿಸತೊಡಗಿದಾಗ ಹುಸೇನಬಿ ಕೈ ಚಾಚಿ ಫೋನು ಇಸಿದುಕೊಂಡರು. “ಇರ್ಫಾನನ್ನ ಕೊಡ್ರಿ... ಬೇಟಾ, ನಿನಗ ಮದುವಿ ಬೇಕೋ ಮಿರ್ಚಿ ಬೇಕೋ? ಮಿರ್ಚಿ ಬೇಕಂದ್ರ ಅಲ್ಲೇ ಇರು. ಮದುವಿ ಬೇಕಂದ್ರ ಚಂದ್ರ ಬರೂದ್ರೊಳಗ ನೀ ಬಾ.” ಅಷ್ಟೇ. ಬಸ್ಸು ಹೊರಟಿತು. ಶ್ರೋತೃಗಳಿಗೆ ತಿಳಿಯುವಂತೆ ವಿಷಯ ಮಂಡಿಸುವ ಕಲೆಯನ್ನು ನಾನು ಯಾವ ವಿಚಾರ ಸಂಕಿರಣದಲ್ಲಿಯೂ ಇಷ್ಟು ಚೆನ್ನಾಗಿ ಕಂಡಿರಲಿಲ್ಲ.

ಮುಂದಿನ ಮುಕ್ಕಾಲು ಗಂಟೆಯನ್ನು ನಾನು ಶಾಮಿಯಾನಕ್ಕೂ ಮಾಳಿಗೆಗೂ ನಡುವೆ ಕಳೆದೆ. ಮಾಳಿಗೆಯಲ್ಲಿ ಸೂರ್ಯನನ್ನು ನೋಡುವುದು, ಕೆಳಗಿಳಿದು ರಸ್ತೆಯನ್ನು ನೋಡುವುದು. ಎರಡೂ ಕಡೆ ನನ್ನ ಮಾತು ಕೇಳುವವರಿರಲಿಲ್ಲ. ಖಾಜಿ ಸಾಹೇಬರು ಎರಡು ಬಾರಿ ಗಡಿಯಾರ ನೋಡಿದರು. ಅವರ ಆರನೆಯ ನಿಕಾಹ್ ಬೇರೆ ಓಣಿಯಲ್ಲಿ ಕಾಯುತ್ತಿತ್ತು. ಮಹಬೂಬ್‌ಸಾಬರು ನನ್ನನ್ನು ನೋಡುವುದನ್ನೇ ಬಿಟ್ಟಿದ್ದರು. ಪರದೆಯ ಹಿಂದಿನಿಂದ ಶಾಹೀನ್ ಹೇಳಿಕಳಿಸಿದಳು: ಕಾಕಾಗೆ ಮೇಲೆ ಕೆಳಗೆ ಓಡಾಡಬೇಡಿರೆಂದು ಹೇಳಿ, ಮೊಳಕಾಲು ನೋಯುತ್ತದೆ. ತನ್ನ ಮದುವೆಯನ್ನೇ ಕುತ್ತಕ್ಕೆ ಸಿಕ್ಕಿಸಿದವನ ಮೊಳಕಾಲಿನ ಚಿಂತೆ ಆ ಮಗುವಿಗೆ!

ಬಸ್ಸು ಓಣಿಯ ತುದಿಯಲ್ಲಿ ಕಂಡಾಗ ಆರೂ ಇಪ್ಪತ್ತೈದು. ಸೂರ್ಯಾಸ್ತಕ್ಕೆ ಅರ್ಧ ಗಂಟೆ. ವರನ ಮುಖದ ಮೇಲಿನ ಹೂವಿನ ಸೆಹರಾ ಬಸ್ಸಿನ ಬಾಗಿಲಿಗೆ ಸಿಕ್ಕಿತು. ಬಿಡಿಸುವ ತಾಳ್ಮೆ ಯಾರಿಗೂ ಇರಲಿಲ್ಲ, ಅರ್ಧ ಸೆಹರಾ ಬಸ್ಸಿಗೇ ಉಳಿಯಿತು. ಹುಡುಗಿಯ ಪರವಾಗಿ ನೇಮಿಸಿದ ನಿಕಾಹ್‌ನ ವಕೀಲನೂ ಇಬ್ಬರು ಸಾಕ್ಷಿಗಳೂ ಪರದೆಯೊಳಕ್ಕೆ ಹೋಗಿ ಹುಡುಗಿಯ ಒಪ್ಪಿಗೆ ಕೇಳಿ ಬಂದರು. ಖಾಜಿ ಸಾಹೇಬರು ದಫ್ತರ ಬಿಚ್ಚಿ, ಹಿಜರಿ ತಾರೀಖಿನ ಕಲಮಿನ ಮೇಲೆ ಬೆರಳಿಟ್ಟು, “ನೀವೇ ಬರೀರಿ ಸಾಹೇಬ್ರ, ತಾರೀಖಿನ ಉಸ್ತಾದ ನೀವು” ಎಂದು ಪೆನ್ನು ಚಾಚಿದರು. ಅದರಲ್ಲಿ ವ್ಯಂಗ್ಯವಿರಲಿಲ್ಲ; ಅವರಿಗೆ ಸಂಗತಿ ತಿಳಿದಿರಲಿಲ್ಲ. ನಾನು ಪಡುವಣವನ್ನೊಮ್ಮೆ ನೋಡಿ, ಸೂರ್ಯನಿರುವುದನ್ನು ಖಚಿತಪಡಿಸಿಕೊಂಡು, ‘೨೯ ಜಿಲ್‌ಹಜ್’ ಎಂದು ಬರೆದೆ. ಮುಂದೆ ಯಾರಾದರೂ ಸಂಶೋಧಕ ಆ ಪುಟವನ್ನು ನೋಡಿದರೆ, ಅಕ್ಷರದ ನಡುಕವನ್ನು ಕಂಡು ಲಿಪಿಕಾರ ವಯೋವೃದ್ಧನೆಂದು ತರ್ಕಿಸುವನು. ಆ ತರ್ಕ ಅರ್ಧ ಸರಿ.

ಇರ್ಫಾನ್ ಓಡುವ ದನಿಯಲ್ಲಿಯೇ ಮೂರು ಬಾರಿ ‘ಕುಬೂಲ್’ ಎಂದ. ದುವಾ ಮುಗಿಯಿತು, ಖರ್ಜೂರ, ಬತ್ತಾಸುಗಳನ್ನು ಎರಚಿದರು, ಒಂದು ಖರ್ಜೂರ ನನ್ನ ಕನ್ನಡಕಕ್ಕೆ ಬಡಿಯಿತು. ಹುಸೇನಬಿ ಎದ್ದು ಪರದೆಯೊಳಕ್ಕೆ ಹೋಗಿ ಮೊಮ್ಮಗಳ ಹಣೆಗೆ ಹಣೆ ಹಚ್ಚಿ ನಿಂತರು. ಅದಾಗಿ ಎಷ್ಟೋ ಹೊತ್ತಿನ ಮೇಲೆ, ಅಂದರೆ ನನ್ನ ಗಡಿಯಾರದಂತೆ ಏಳು ನಿಮಿಷದ ಮೇಲೆ, ಮಸೀದಿಯಿಂದ ಮಗ್ರಿಬ್ ಅಜಾನ್ ಕೇಳಿಬಂತು. ನಾನು ಅಷ್ಟು ಇಂಪಾದ ಅಜಾನ್ ಕೇಳಿದ್ದಿಲ್ಲ. ಎದೆಯ ಮೇಲಿದ್ದ ಜೋಳದ ಚೀಲವನ್ನು ಯಾರೋ ಇಳಿಸಿಕೊಂಡಂತಾಯಿತು.

ನಮಾಜು ಮುಗಿಸಿ ಎಲ್ಲರೂ ಮಾಳಿಗೆ ಹತ್ತಿದರು. ಇಡೀ ದಿನ ತಿಳಿಯಾಗಿದ್ದ ಆಕಾಶದ ಪಡುವಣ ಅಂಚಿನಲ್ಲಿ ಮಾತ್ರ, ಆ ಅರ್ಧ ಗಂಟೆಯಲ್ಲಿ ಎಲ್ಲಿಂದಲೋ ಬಂದ ಮುಂಗಾರಿನ ಮೋಡವೊಂದು ಕಂಬಳಿ ಹೊದ್ದು ಮಲಗಿತ್ತು. ಚಂದ್ರನಿರಲಿ, ಚಂದ್ರನ ಜಾಗವೂ ಕಾಣಲಿಲ್ಲ. ಬೇರೆ ಊರುಗಳ ಸುದ್ದಿಗಾಗಿ ಕಾದರು, ಎಲ್ಲಿಯೂ ಕಂಡಿರಲಿಲ್ಲ. ರಾತ್ರಿಯ ಇಶಾ ನಮಾಜಿನ ಹೊತ್ತಿಗೆ ಮೈಕಿನಲ್ಲಿ ಸಾರಿದರು: ಚಂದ್ರದರ್ಶನವಾಗಿಲ್ಲ, ಸೋಮವಾರ ಜಿಲ್‌ಹಜ್ ಮೂವತ್ತು.

ಅಂದರೆ ಮಗ್ರಿಬ್ ಆದ ಮೇಲೆಯೇ ನಿಕಾಹ್ ಮಾಡಿದ್ದರೂ ನಡೆಯುತ್ತಿತ್ತು. ಸೆಹರಾ ಹರಿಯುತ್ತಿರಲಿಲ್ಲ, ಮಿರ್ಚಿ ಬಿಟ್ಟು ಓಡಿ ಬರಬೇಕಿರಲಿಲ್ಲ. ಮಾದನಹಿಪ್ಪರಗಾದ ಮಿರ್ಚಿಯ ನೆನಪು ಇನ್ನೂ ಹಸಿಯಾಗಿದ್ದ ವರನ ಸೋದರಮಾವ ನನ್ನತ್ತ ತಿರುಗಿ, “ಅಲ್ರಿ, ಹಂಗಾದ್ರ ನಾವು ಓಡಿ ಬಂದಿದ್ದು ಯಾಕ್ರಿ?” ಎಂದರು. ನಾನು ಬಿರಿಯಾನಿಯ ತಟ್ಟೆಯಲ್ಲಿ ಮುಖವಿಟ್ಟೆ.

ಊಟವಾದ ಮೇಲೆ ಹುಸೇನಬಿಯವರ ಬಳಿ ಹೋಗಿ ಕುಳಿತೆ. “ಅಮ್ಮಾ, ಅಂತೂ ಗೆದ್ದೆವು. ಇನ್ನು ಚಿಂತೆಯಿಲ್ಲ.”

“ಈಗ ಚಿಂತಿ ಇಲ್ಲ ಮಾಸ್ತರ. ಮೋಡ ಬಂತಲ್ಲ” ಎಂದರು.

“ಮೋಡ ಬಾರದಿದ್ದರೂ ಚಿಂತೆ ಏನಿತ್ತು? ನಿಕಾಹ್ ಸೂರ್ಯ ಇರುವಾಗಲೇ ಆಯಿತಲ್ಲ.”

“ನಿಕಾಹ್ ಆತು. ನಾಳಿ ವಲೀಮಾ?”

ಚಂದ್ರ ಕಂಡಿದ್ದರೆ ಸೋಮವಾರ ಮೊಹರಂ ಒಂದು. ಅಫಜಲಪುರದ ಮದುವೆಯ ಊಟಕ್ಕೆ ಈ ಅಜ್ಜಿ ಹೋಗುವ ಹಾಗೆಯೇ ಇರಲಿಲ್ಲ. ನನ್ನ ಸಹಿಯ ಹಾಳೆಯಲ್ಲಿ ವಲೀಮಾ ದಿನವೂ ಇತ್ತು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

“ನಿಮಗೆ ಮೊದಲೇ ಗೊತ್ತಿತ್ತೇ? ಹೇಳಲಿಲ್ಲ ಯಾಕೆ?”

“ಮದಲ್ನೇ ದಿನಾನೇ ಗೊತ್ತಿತ್ತು. ಹೇಳಿದ್ರ ನೀವು ಮತ್ತ ಮದುವಿ ಮುಂದ ಹಾಕ್ತಿದ್ರಿ. ಒಂದು ಊಟ ಅಲ್ಲೇನ್ರಿ, ನಾ ಮನ್ಯಾಗ ರೊಟ್ಟಿ ತಿಂದಿದ್ರ ಆಗ್ತಿತ್ತು. ಹುಡುಗಿ ಜೋಡಿ ನಿಕಾಹ್‌ದಾಗ ಕುಂತ್ರ ಸಾಕಾಗಿತ್ತು ನನಗ.” ತಾವೇ ನಕ್ಕರು. “ಈಗ ಅದೂ ಸಿಕ್ತು. ನಾಳಿ ಅಫಜಲಪುರಕ ನಾನೂ ಬರ್ತೇನಿ. ಕಿಟಕಿ ಸೀಟು ಹಿಡೀರಿ.”

ಮರುದಿನ ಜಿಲ್‌ಹಜ್ ಮೂವತ್ತು, ಸೋಮವಾರ, ವಲೀಮಾ ಊಟಕ್ಕೆ ಕುಳಿತಿದ್ದೆವು. ಎದೆ ಹಗುರಾಗಿದ್ದುದರಿಂದಲೋ ಏನೋ, ಭೀಮೆಯ ಕಡೆಯ ಗಾಳಿಯೂ ತಂಪಾಗಿಯೇ ಇತ್ತು. ಹಾಜಿ ಇಸ್ಮಾಯಿಲ್‌ಸಾಬರು ತಮ್ಮ ಬಂಧುವೊಬ್ಬರನ್ನು ಕರೆತಂದು, “ಇವ್ರೇ ನೋಡ್ರಿ ತಾರೀಖು ತೆಗದು ಕೊಟ್ಟಾವ್ರು. ಎಷ್ಟ್ ಬರೋಬ್ಬರ್ ಕುಂತು ನೋಡ್ರಿ!” ಎಂದು ನನ್ನನ್ನು ಪರಿಚಯಿಸಿದರು. ಆ ಬಂಧುವಿಗೂ ಮದುವೆಯ ವಯಸ್ಸಿನ ಮಗಳಿದ್ದಳು. ಸಫರ್ ಕಳೆದು ಬರುವ ರಬಿ-ಉಲ್-ಅವ್ವಲ್ ತಿಂಗಳಲ್ಲಿ ಒಂದು ಒಳ್ಳೆಯ ದಿನ ಹೇಳಬೇಕೆಂದು ಕೈ ಮುಗಿದರು. ನಾನು ಪ್ರಾಮಾಣಿಕತೆಯ ಉದ್ರೇಕದಿಂದ, “ನನ್ನನ್ನು ಕೇಳಬೇಡಿ. ಈ ಅಮ್ಮನನ್ನು ಕೇಳಿ” ಎಂದು ಹುಸೇನಬಿಯವರತ್ತ ಬೆರಳು ಮಾಡಿದೆ.

ಹುಸೇನಬಿ ಬಾಯಲ್ಲಿದ್ದ ಖುಬಾನಿಯ ಸಿಹಿಯನ್ನು ನುಂಗಿ, “ನನಗೇನ್ ತಿಳೀತದ್ರಿ, ನಾ ಓದಿದಾಕಿ ಅಲ್ಲ” ಎಂದರು. “ಮದಲ ಮಾಸ್ತರು ಒಂದು ತಾರೀಖು ಹೇಳ್ಲಿ. ಸಹಿನೂ ಮಾಡ್ಲಿ. ಆ ಮ್ಯಾಲ ಅದರಾಗ ತಪ್ಪು ಎಲ್ಲದ ಅಂತ ನಾ ಹೇಳ್ತೇನಿ.”

ಆ ಬಂಧು ಸಂತೋಷದಿಂದ ಒಪ್ಪಿದರು. ಶಾಂತಾಬಾಯಿ, ಯಾರೂ ಕೇಳದಿದ್ದರೂ, ಕೈಚೀಲದಿಂದ ಪೆನ್ನು ತೆಗೆದು ನನ್ನ ಮುಂದೆ ಹಿಡಿದಳು.